ಹದ್ದಿನ ಕಲ್ಲು

ಹದ್ದುಗಳಿಗೆ ಬಕೆಟ್ಟಿನ ಗುರುತು ಸಿಕ್ಕಿಬಿಟ್ಟಿತ್ತು.

ಮೊದಮೊದಲು ಅವು ಕೆರೆಯ ಮೇಲಷ್ಟೇ ಸುತ್ತುತ್ತಿದ್ದವು. ದೇವಾನಂದನ ಬೈಕು ಬಬಲೇಶ್ವರದ ಕಡೆಯ ದಿನ್ನೆ ಇಳಿಯಿತೆಂದರೆ ಎಲ್ಲಿದ್ದವೋ ಎದ್ದು ಬರುತ್ತಿದ್ದವು. ಬೈಕಿನ ಹಿಂದೆ ನೀಲಿ ಬಕೆಟ್ಟು. ಬಕೆಟ್ಟಿನ ತುಂಬ ಸೈಫುದ್ದೀನನ ಅಂಗಡಿಯ ಕೋಳಿ ಕರುಳು. ಅದನ್ನು ಕೆರೆಯ ದಂಡೆಯ ಕಲ್ಲಿನ ಮೇಲೆ ಸುರಿದು, ಬರಿದಾದ ಬಕೆಟ್ಟು ಕಟ್ಟಿಕೊಂಡು ಅವನು ಮನೆಗೆ ಬರುತ್ತಿದ್ದ. ಹೊಟ್ಟೆ ತುಂಬದ ಹದ್ದುಗಳು ಬೆನ್ನು ಹತ್ತಿ ಕೇರಿಗೂ ಬಂದವು. ಮನೆಗಳ ತಗಡಿನ ಪತ್ರಾಸಿನ ಮೇಲೆ ಸಾಲು ಹಿಡಿದು ಕೂತವು. ಕೂಗಲಿಲ್ಲ. ಹಾರಲಿಲ್ಲ. ಕಾದವು.

ದೇವಾನಂದನ ತಾಯಿ ಪರಸವ್ವ ಕಸಬರಿಗೆ ಬೀಸಿದಳು. ಕಲ್ಲು ಒಗೆದಳು. ಅವು ಎದ್ದು ಪಕ್ಕದ ಮನೆಯ ಮೇಲೆ ಕೂತವು, ಅಷ್ಟೇ. ಕೇರಿಯ ಹೆಂಗಸರು ಸಂಡಿಗೆಯನ್ನು ಬಿಸಿಲಿಗೆ ಹಾಕುವುದನ್ನು ಬಿಟ್ಟರು. ಕೋಳಿಮರಿಗಳನ್ನು ಬುಟ್ಟಿಯಡಿ ಮುಚ್ಚಿದರು.

ಒಂದು ಮುಂಜಾನೆ ಮೊಮ್ಮಗಳು ಆಮ್ರಪಾಲಿ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಮೇಲಿನಿಂದ ನೆರಳು ಬಿತ್ತು. ರೊಟ್ಟಿ ಹೋಯಿತು. ಹುಡುಗಿಯ ಹಣೆಯ ಮೇಲೆ ಉಗುರಿನ ಗೀರು. ರಕ್ತ ಕಣ್ಣಿಗೆ ಇಳಿಯಿತು. ಸೊಸೆ ನೀಲಾ ಅರಿಶಿನ ಒತ್ತುತ್ತ ಗಂಡನ ಕಡೆ ತಿರುಗಿದಳು.

"ಕಣ್ಣ ಹೋಗಿತ್ತಂದ್ರ ಏನ್ ಮಾಡ್ತಿದ್ದಿ? ಆ ಬಕೀಟ ಮನಿಗಿ ತರಬ್ಯಾಡ ಅಂದ್ರ ಕೇಳಂಗಿಲ್ಲ ನೀ."

ದೇವಾನಂದ ಮಗಳನ್ನು ಎತ್ತಿಕೊಂಡ. ಪೇಟೆಯಿಂದ ಬಂದವರು ಇದನ್ನು ನೋಡಲು ದುಡ್ಡು ಕೊಟ್ಟು ಕೂರುತ್ತಾರೆ, ನಮ್ಮ ಮನೆಗೆ ಪುಕ್ಕಟೆ ಬಂದಿದೆ ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ.

ಒಳಗೆ ಹೊರಸಿನ ಮೇಲೆ ಅವನ ಅಪ್ಪ ಕರೆಪ್ಪ ಮಲಗಿದ್ದ. ಧೋತರದ ಚುಂಗನ್ನು ಮೂಗಿಗೆ ಒತ್ತಿಕೊಂಡಿದ್ದ. ಬಕೆಟ್ಟು ಅಂಗಳಕ್ಕೆ ಬಂದ ದಿನದಿಂದ ಅವನ ಊಟ ಕಡಿಮೆಯಾಗಿತ್ತು. ಮಗ ಅದನ್ನು ಮುಪ್ಪು ಎಂದುಕೊಂಡ. ಪರಸವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ ಒಂದು ಸಂಗತಿಯನ್ನು ಎತ್ತಬಾರದೆಂದು ಗಂಡ ಹೆಂಡತಿ ಮಾತು ಕೊಟ್ಟುಕೊಂಡಿದ್ದರು. ಮಗ ಹುಟ್ಟಿದಾಗ ಕೊಟ್ಟುಕೊಂಡ ಮಾತು.

ಸಂಗತಿ ಇದು. ಬೆಳ್ಳಿಕಟ್ಟಿಯಲ್ಲಿ ಯಾರ ಮನೆಯ ದನ ಸತ್ತರೂ ಎಳೆಯಬೇಕಾದವರು ಕೇರಿಯವರು. ಎತ್ತಾಗಲಿ, ಎಮ್ಮೆಯಾಗಲಿ, ಕರೆ ಬಂದರೆ ಉಣ್ಣುವ ಗಂಗಾಳ ಬಿಟ್ಟು ಏಳಬೇಕು. ಹೆಗಲಿಗೆ ಮಿಣಿ ಹಾಕಿಕೊಳ್ಳಬೇಕು. ಮಿಣಿಯೆಂದರೆ ಚರ್ಮ ಹೊಸೆದು ಮಾಡಿದ ದಪ್ಪ ಹಗ್ಗ. ಊರ ಹಿಂದಿನಿಂದ, ಯಾರ ಕಣ್ಣಿಗೂ ಬೀಳದ ಹಾಗೆ ಎಳೆದು, ಕೆರೆಯ ದಂಡೆಯ ಕಲ್ಲಿಗೆ ಒಯ್ದು ಸುಲಿಯಬೇಕು. ಉಳಿದದ್ದಕ್ಕೆ ಹದ್ದುಗಳು ಇಳಿಯುತ್ತಿದ್ದವು. ಅದಕ್ಕೇ ಅದು ಹದ್ದಿನ ಕಲ್ಲು. ಕರೆಪ್ಪನ ಎಡ ಹೆಗಲಿನಲ್ಲಿ ಬೆರಳು ಕೂರುವಷ್ಟು ತಗ್ಗು. ಕತ್ತು ಒಂದು ಕಡೆಗೆ ವಾಲಿದ್ದು ಮತ್ತೆ ನೆಟ್ಟಗಾಗಲಿಲ್ಲ. ಸಣ್ಣವನಿದ್ದಾಗ ದೇವಾನಂದ ಕೇಳಿದ್ದ. ಕ್ವಾರಿಯಲ್ಲಿ ಕಲ್ಲು ಹೊತ್ತೆ ಎಂದಿದ್ದ ಕರೆಪ್ಪ.

ಕರೆಪ್ಪ ಹರೆಯದಲ್ಲಿ ಕೇರಿಯ ಗಂಡಸರ ಜೊತೆ ವಿಜಯಪುರದ ಒಂದು ಸಭೆಗೆ ಹೋಗಿದ್ದ. ಸತ್ತ ದನ ಎಳೆಯುವುದನ್ನು ಬಿಡಿ ಎಂಬ ಮಾತು ಕೇಳಿಕೊಂಡು ಬಂದ. ಬಂದ ಮೇಲೆ ದೊಡ್ಡ ಮನೆಯ ಎತ್ತು ಸತ್ತಿತು. ಕರೆ ಬಂತು. ಹೋದ. ಅವರ ಅಂಗಳದಲ್ಲಿ ಮಿಣಿ ಒಗೆದ. ಇನ್ನು ಎಳೆಯುವುದಿಲ್ಲ ಎಂದ. ತಿರುಗಿ ಬಂದ.

ಊರು ಬಾಗಿಲು ಹಾಕಿಕೊಂಡಿತು. ಗಿರಣಿ ಬಂದ್. ಅಂಗಡಿ ಬಂದ್. ಕೂಲಿ ಬಂದ್. ಎಲ್ಲಕ್ಕೂ ಮೊದಲು ಬಾವಿ ಬಂದ್. ಬೇಸಿಗೆ ಬೇರೆ. ಕೇರಿಯವರು ಕೆರೆಯ ತಳದ ರಾಡಿ ನೀರು ಕುಡಿದರು. ಹದ್ದಿನ ಕಲ್ಲಿನ ಬುಡದ ನೀರು. ದನ ಕೊಳೆತ ನೀರು. ಕೂಸುಗಳಿಗೆ ವಾಂತಿ ಭೇದಿ ಹತ್ತಿತು. ಪರಸವ್ವನ ಚೊಚ್ಚಲ ಮಗಳು ಆ ಬೇಸಿಗೆ ದಾಟಲಿಲ್ಲ. ಆಮೇಲೆ ಗಂಡಸರು ಹೆಂಗಸರು ಸೇರಿ ದಂಡೆಯ ಎತ್ತರದ ಜಾಗದಲ್ಲಿ, ಕಲ್ಲಿನಿಂದ ದೂರ, ತಮ್ಮದೇ ಬಾವಿ ತೋಡಿದರು. ಅಂಗೈ ಒಡೆದು ರಕ್ತ ಬಂತು. ನೀರೂ ಬಂತು. ಊರು ಸೋತು ಟ್ರ್ಯಾಕ್ಟರಿಗೆ ಕಟ್ಟಿ ತನ್ನ ದನ ತಾನೇ ಹೂಳುವುದನ್ನು ಕಲಿಯಿತು.

ದೇವಾನಂದ ಹುಟ್ಟಿದ್ದು ಆ ಬಾವಿಯ ನೀರು ಕುಡಿದ ಮೇಲೆ. ಇವನೊಬ್ಬ ಆ ಮಾತು ಕೇಳದೆ ಬೆಳೆಯಲಿ ಎಂದರು ಗಂಡ ಹೆಂಡತಿ. ಕೇರಿಯ ಹಿರಿಯರೆಲ್ಲ ತಮ್ಮ ಮಕ್ಕಳಿಗೆ ಹಾಗೇ ಮಾಡಿದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬ. ಮಗನಿಗೆ ಸಾಲಿ, ವಿಜಯಪುರದಲ್ಲಿ ಐಟಿಐ. ಸತ್ತ ದನ ಎಳೆಯುವವರ ವಿಷಯ ಅವನು ಪುಸ್ತಕದಲ್ಲಿ ಓದಿದ್ದ. ಎಲ್ಲಿಯದೋ, ಯಾರದೋ ಕಥೆ ಎಂದುಕೊಂಡಿದ್ದ. ತಂದೆ ತಾಯಿ ಅದನ್ನು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದರೆಂದರೆ, ಅದು ತಿರುಗಿ ಬಂದು ಮನೆಯ ಬಾಗಿಲಿಗೆ ನಿಂತಾಗ ಮಗನಿಗೆ ಗುರುತೇ ಹತ್ತಲಿಲ್ಲ.

ಅದು ಬಂದದ್ದು ಹಕ್ಕಿಯ ದಾರಿ ಹಿಡಿದು.

ಕಾಲುವೆಯ ನೀರು ಬಿಟ್ಟು ಕೆರೆ ತುಂಬಿಸಿದ ಮೇಲೆ ಹಕ್ಕಿಗಳು ಬಂದವು. ಹಕ್ಕಿಗಳ ಹಿಂದೆ ಮಂದಿ ಬಂದರು. ಮಮದಾಪುರದ ಕೆರೆಯ ತನಕ ಬಂದವರು ಇನ್ನಷ್ಟು ಮುಂದೆ ಬೆಳ್ಳಿಕಟ್ಟಿಗೂ ಬಂದರು. ಅವರ ಹಿಂದೆ ಈರಯ್ಯ ಬಂದ. ವಿಜಯಪುರದಲ್ಲಿ ಲಾಡ್ಜು ನಡೆಸುವ ಸಾವಕಾರ. ದಂಡೆಯನ್ನು ಗುತ್ತಿಗೆ ಹಿಡಿದ. ಬಟ್ಟೆಯ ಡೇರೆ ಹಾಕಿದ. ಹಸಿರು ಪರದೆಯ ಮರೆ ಕಟ್ಟಿ, ಅದರಲ್ಲಿ ಕ್ಯಾಮೆರಾ ತೂರಿಸಲು ಕಿಂಡಿ ಬಿಟ್ಟ. ಸುತ್ತ ಹಗ್ಗ ಎಳೆದು, ಹಕ್ಕಿಗಳ ಜಾಗ, ಒಳಗೆ ಬರಬೇಡಿ ಎಂದು ಬೋರ್ಡು ನೆಟ್ಟ. ಕೇರಿಯ ಆಡುಗಳು ಹೊರಗೆ ನಿಂತವು. ಜೇಕಿನ ಹುಲ್ಲು ಕೊಯ್ದು ಚಾಪೆ ಹೆಣೆಯುತ್ತಿದ್ದ ಮುದುಕಿಯರು ಮನೆಯಲ್ಲಿ ಕೂತರು. ಕೇರಿಯ ಬಾವಿಯೂ ಹಗ್ಗದ ಒಳಗೇ ಹೋಯಿತು. ನಳ ಬಂದ ಮೇಲೆ ಆ ಬಾವಿಗೆ ಯಾರೂ ಹೋಗುತ್ತಿರಲಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ. ಈರಯ್ಯ ಅದರ ಬಾಯಿಗೆ ಬಿದಿರಿನ ತಟ್ಟಿ ಹೊದಿಸಿ ಮೇಲೆ ಹೂವಿನ ಕುಂಡ ಇಡಿಸಿದ. ಬಂದವರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಂಡರು.

ಹೊರಗೆ ಹಾಕಿದವರಲ್ಲಿ ಇಬ್ಬರನ್ನು ಒಳಗೆ ಕೆಲಸಕ್ಕೆ ಇಟ್ಟುಕೊಂಡ. ದೇವಾನಂದನಿಗೆ ಡೇರೆಯ ಲೈಟು, ಮೋಟರು ನೋಡಿಕೊಳ್ಳುವ ಕೆಲಸ. ಪರಸವ್ವನಿಗೆ ಪಾಯಿಖಾನೆ. ಬಂದವರು ನಿಸರ್ಗ ನೋಡಿ ಹೋಗುತ್ತಿದ್ದರು. ಅವರು ಬಿಟ್ಟುಹೋದದ್ದನ್ನು ಅವಳು ತೊಳೆಯುತ್ತಿದ್ದಳು. ಫಿನಾಯಿಲಿಗೆ ಬೆರಳ ಸಂದು ಬಿರಿದಿತ್ತು. ರೊಟ್ಟಿ ಬಡಿಯಲು ಅವಳಿಗೆ ಬರುತ್ತಿತ್ತು, ಆದರೆ ಅಡುಗೆ ಡೇರೆಯ ಹೊಸ್ತಿಲು ದಾಟುವಂತಿರಲಿಲ್ಲ. ಅಡುಗೆಯ ಸೌಭಾಗ್ಯ ಕುಡಿಯುವ ನೀರನ್ನು ಮೇಲಿನಿಂದ ಅವಳ ಬೊಗಸೆಗೆ ಸುರಿಯುತ್ತಿದ್ದಳು. ಸ್ವಚ್ಛತಾ ನೋಡಬೇಕಲ್ಲವ್ವ ಎನ್ನುತ್ತಿದ್ದಳು.

ಒಂದು ಸಲ ಪೇಟೆಯ ಕಾಲೇಜಿನಿಂದ ಅರುಣಕುಮಾರ ಎಂಬವನು ಬಂದ. ಬಂದವರು ಕೆರೆಯನ್ನು ಹೇಗೆ ಬಳಸುತ್ತಾರೆ, ಅವರಿಗೆ ಅದರ ಬೆಲೆ ಎಷ್ಟು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಸಮುದ್ರ ದಂಡೆಯ ಜೌಗು ನೆಲಗಳಲ್ಲಿ ಇಂಥದ್ದನ್ನು ಕೇಳಿ ಬಂದಿದ್ದನಂತೆ. ಪರಸವ್ವ ಅಲ್ಲೇ ಕಸ ಹೊಡೆಯುತ್ತಿದ್ದಳು. ಕನ್ನಡಕದ ಹೆಂಗಸೊಬ್ಬಳು ಹೇಳಿದಳು: ಇಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಏನೆಂದರೆ, ಇಲ್ಲಿ ಜನರೇ ಇಲ್ಲ. ಹೇಳುತ್ತ ಕಾಲು ಎತ್ತಿದಳು. ಪರಸವ್ವ ಕಾಲಡಿಯ ಕಸ ಎಳೆದುಕೊಂಡಳು. ಆಮೇಲೆ ಅರುಣಕುಮಾರನಿಗೆ, ನಮ್ಮನ್ನೂ ಕೇಳುತ್ತೀರೇನು ಎಂದಳು. ಇದು ಬರುವವರಿಗಷ್ಟೇ ಅಮ್ಮ ಎಂದು ಅವನು ನಾಚಿಕೊಂಡ. ಒಳ್ಳೆಯ ಹುಡುಗನೇ. ಕೇಳಲಿಲ್ಲ.

ಈರಯ್ಯ ಗೋವಾದ ಕಡೆ ಹೋಗಿ ಬಂದದ್ದು ಆ ಮೇಲೆ. ಅಲ್ಲಿ ಸಮುದ್ರ ಒಳಹೊಕ್ಕ ಖಾರಿಯ ನೀರಿನಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ದೋಣಿಯವರು ಕೋಳಿ ಕರುಳು ಎರಚಿದರಂತೆ. ಹದ್ದುಗಳು ಕೈಗೆ ಸಿಗುವಷ್ಟು ಕೆಳಗೆ ಇಳಿದವಂತೆ. ದೋಣಿಯ ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಈರಯ್ಯ ಅದನ್ನು ಹೊತ್ತುಕೊಂಡು ಬಂದ. ದೇವಾನಂದನ ಕೈಗೆ ನೀಲಿ ಬಕೆಟ್ಟು ಬಂತು. ಜಾಗ ಯಾವುದು ಎಂಬ ಮಾತು ಬಂದಾಗ ಹಳೆಯ ಕಲ್ಲೇ ಒಳ್ಳೆಯದೆಂದು ಈರಯ್ಯನಿಗೆ ಊರವರು ಹೇಳಿದರು. ಯಾಕೆ ಒಳ್ಳೆಯದೆಂದು ಅವರಿಗೆ ಗೊತ್ತಿತ್ತು.

ಚಳಿ ಬಿದ್ದ ಮೇಲೆ ಪುಣೆಯವರು ಬಂದರು. ಒನಕೆಯಂಥ ಕ್ಯಾಮೆರಾಗಳು. ಈ ಹದ್ದುಗಳು ನಮ್ಮ ಊರ ತಿಪ್ಪೆಯ ಮೇಲೂ ಸಿಗುತ್ತವೆ ಎಂದು ಮುಖ ತಿರುವಿದರು. ದೂರದ ಹಿಮದ ಕಡೆಯಿಂದ ಬರುವ ದೊಡ್ಡ ಗಿಡುಗ ಬೇಕು, ರಣಹದ್ದು ಬೇಕು ಎಂದರು. ಅವು ಕೋಳಿ ಕರುಳಿಗೆ ಇಳಿಯುವುದಿಲ್ಲ. ದೊಡ್ಡದೇ ಬೇಕು. ಈರಯ್ಯ ವಿಚಾರಿಸಿದ. ದೊಡ್ಡ ಮನೆಯ ಕಾಳವ್ವನ ಮುದಿ ಎಮ್ಮೆ ನೆಲ ಹಿಡಿದಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ತರಿಸುವಂತಿಲ್ಲ, ಗಾಲಿಯ ಗುರುತು ಹಸಿ ದಂಡೆಯ ಮೇಲೆ ಮೂಡಿದರೆ ಫೋಟೋ ಕೆಡುತ್ತದೆ, ಶಬ್ದಕ್ಕೆ ಹಕ್ಕಿ ಏಳುತ್ತವೆ. ಕೈಯಿಂದಲೇ ಎಳೆಯಬೇಕು. ದೇವಾನಂದ ಹೂಂ ಎಂದ, ಹಗ್ಗ ಕಟ್ಟಿದ ಮೇಲೆ ಕೇರಿಯ ಹುಡುಗರನ್ನು ಕರೆಯುತ್ತೇನೆ ಎಂದ.

ಅದನ್ನು ಅವನು ಉಣ್ಣುವಾಗ ಹೇಳಿದ. ಕೈಗವಸು ಕೊಡುತ್ತಾರೆ, ಬಾಯಿಗೆ ಪಟ್ಟಿ ಕೊಡುತ್ತಾರೆ, ಇದು ವಿಜ್ಞಾನದ ಕೆಲಸ ಎಂದ. ಕರೆಪ್ಪ ತುತ್ತು ಕೆಳಗಿಟ್ಟ. ಎಷ್ಟೋ ದಿನಗಳ ಮೇಲೆ ಬಾಯಿ ತೆರೆದ.

"ಯಾರ ಮನೀದು?"

"ಕಾಳವ್ವಕ್ಕನ ಮನೀದು, ಯಪ್ಪಾ."

ಕರೆಪ್ಪ ಗಂಗಾಳ ಸರಿಸಿದ. ಗೋಡೆಯ ಕಡೆ ತಿರುಗಿ ಮಲಗಿದ. ಅವನ ಬೆನ್ನು ನಡುಗುವುದನ್ನು ಪರಸವ್ವ ಕಂಡಳು. ಚಳಿಗೆ ಎಂದುಕೊಂಡು ಮಗ ಕೌದಿ ಹೊದಿಸಿದ.

ಮುಂಜಾನೆ ಒಲೆಯ ಮುಂದೆ ಪರಸವ್ವ ಹೇಳಲು ಕೂತಳು. ಆ ಕೆಲಸ ಬೇಡ ಎಂದಳು. ಯಾಕೆ ಎಂದ. ಬೇಡ ಎಂದಳು. ಕಾರಣ ಹೇಳಬೇ ಎಂದ. ಇಷ್ಟು ವರ್ಷ ಒತ್ತಿ ಒತ್ತಿ ಕೂರಿಸಿದ ಮಾತು, ಒಮ್ಮೆಲೇ ಮೇಲೆ ಏಳಲಿಲ್ಲ. ಊದುಗೊಳವೆ ಎತ್ತಿ ಒಲೆ ಊದಿದಳು. ಅವನು ಬೈಕು ತೆಗೆದುಕೊಂಡು ಹೋದ.

ಅದೇ ದಿನ ಅವಳು ಬಸ್ಸು ನಿಲ್ಲುವ ಕಟ್ಟೆಯ ಮುಂದೆ ಹಾದು ಹೋಗುವಾಗ ಕಾಳವ್ವನ ಮಗ ಮುತ್ತು ಕೂತಿದ್ದ. ಜೊತೆಗೆ ಊರ ಪಡ್ಡೆಗಳು. ಮುತ್ತು ಅವಳಿಗೆ ಹೇಳಲಿಲ್ಲ. ಬಸ್ಸಿಗೆ ನಿಂತ ಕುರುಬರ ಬೀರಣ್ಣನಿಗೆ ಹೇಳಿದ, ಅವಳಿಗೆ ಕೇಳುವ ಹಾಗೆ.

"ಬೀರಣ್ಣ, ನಿನ್ನ ಕುರಿ ಸತ್ರ ಇನ್ನ ಮ್ಯಾಲ ಹೊತಗೊಂಡ ತಿರಗಬ್ಯಾಡ ಮಾರಾಯಾ. ಕೇರಿಗಿ ಒಂದ್ ಮಾತ ಹೇಳಿ ಕಳಸು. ಅವ್ರು ಮತ್ತ ಚಾಲೂ ಮಾಡ್ಯಾರ."

ನಗೆ ಎದ್ದಿತು. ಬೀರಣ್ಣ ನಗಲಿಲ್ಲ, ನೆಲ ನೋಡಿದ. ಪರಸವ್ವ ನಿಲ್ಲದೆ ಮುಂದೆ ನಡೆದಳು. ತನ್ನ ಮಗ ಒಂದು ಎಮ್ಮೆ ಎಳೆದರೆ ಅದು ಒಂದು ಎಮ್ಮೆಯಲ್ಲ. ನಾಳೆ ಊರಿನ ಪ್ರತಿ ಕೊಟ್ಟಿಗೆಯಿಂದ ಕರೆ ಬರುತ್ತದೆ. ಪ್ರವಾಸಿಗರಿಗೆ ಎಳೆದವರು ನಮಗೆ ಯಾಕೆ ಎಳೆಯುವುದಿಲ್ಲ ಎನ್ನುತ್ತಾರೆ. ಚೊಚ್ಚಲ ಮಗಳನ್ನು ಮಣ್ಣಿಗೆ ಕೊಟ್ಟು ಬಿಡಿಸಿಕೊಂಡ ಹೆಗಲು. ಅದು ಮತ್ತೆ ಊರಿನದಾಗುತ್ತದೆ.

ಎಮ್ಮೆ ಎರಡು ದಿನ ಜೀವ ಹಿಡಿದಿತ್ತು. ಹದ್ದುಗಳು ಕೇರಿಯ ಪತ್ರಾಸು ಬಿಟ್ಟು ದೊಡ್ಡ ಮನೆಯ ಬೇವಿನ ಗಿಡಕ್ಕೆ ಬಂದವು. ಅವುಗಳ ನಡುವೆ ಊರವರು ನೋಡಿರದ ದೊಡ್ಡ ಹಕ್ಕಿಯೊಂದು ರೆಕ್ಕೆ ಇಳಿಬಿಟ್ಟು ಕೂತಿತ್ತು. ಪುಣೆಯವರಿಗೆ ಸುದ್ದಿ ಮುಟ್ಟಿತು. ಅವರು ನಸುಕಿನಲ್ಲೇ ಹಸಿರು ಪರದೆಯ ಹಿಂದೆ ಹೋಗಿ ಕೂತರು. ಚಹಾದ ಥರ್ಮಾಸು ಜೊತೆಗಿತ್ತು. ಹೊತ್ತು ಏರುವಷ್ಟರಲ್ಲಿ ಎಮ್ಮೆ ಸತ್ತಿತು.

ಪರಸವ್ವ ಪಾಯಿಖಾನೆಯ ಬಕೆಟ್ಟನ್ನು ಇದ್ದಲ್ಲೇ ಬಿಟ್ಟು ದೊಡ್ಡ ಮನೆಯ ಕಡೆ ನಡೆದಳು. ಓಡಿದಳು ಅಂದರೂ ಸರಿ. ಅವಳು ಮುಟ್ಟುವಾಗ ದೇವಾನಂದ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಕೈಗೆ ರಬ್ಬರಿನ ಕೈಗವಸು, ಹೆಗಲಿಗೆ ನೈಲಾನ್ ಹಗ್ಗ. ಮುಂದಿನ ಬಾಗಿಲಿಂದ ಬಂದವನನ್ನು ಕಾಳವ್ವ ಸುತ್ತು ಹೊಡೆಸಿ ಹಿತ್ತಲಿಗೆ ಕಳಿಸಿದ್ದಳು. ಅಂಗಳ ಈಗಷ್ಟೇ ಸಾರಿಸಿದ್ದೇನೆ ಎಂದಿದ್ದಳು. ಮಂದಿ ಗೋಡೆಯುದ್ದಕ್ಕೂ ನಿಂತಿದ್ದರು. ಎಮ್ಮೆಯಿಂದ ದೂರ, ಅವನಿಂದಲೂ ದೂರ. ದೇವಾನಂದನ ಮುಖದ ನಗೆ ಹೋಗಿತ್ತು. ಏನೋ ಸರಿಯಿಲ್ಲ ಎಂದು ಅವನಿಗೆ ತಿಳಿದಿತ್ತು. ಏನೆಂದು ತಿಳಿದಿರಲಿಲ್ಲ.

ಮುತ್ತು ಕೊಟ್ಟಿಗೆಯ ಜಂತಿಗೆ ಗಳ ಚಾಚಿದ. ಮೇಲಿನಿಂದ ಏನನ್ನೋ ಮೀಟಿ ಕೆಳಗೆ ಕೆಡವಿದ. ಗಳದ ತುದಿಯಿಂದಲೇ ಅದನ್ನು ದೇವಾನಂದನ ಕಾಲ ಬುಡಕ್ಕೆ ನೂಕಿದ. ಹಾವು ಸುತ್ತಿಕೊಂಡ ಹಾಗಿತ್ತು. ಕರಿ ಬಣ್ಣ. ಎಣ್ಣೆಯ ಹೊಳಪು.

"ನೈಲಾನ್ ಹಗ್ಗ ಹೆಗಲ ಕೊಯ್ತದಲೇ. ಇದನ್ನ ತಗೋ. ನಿಮ್ಮಪ್ಪಂದ. ಅವತ್ತ ಇಲ್ಲೇ ಒಗದ ಹೋಗಿದ್ನಂತ. ಒಂದಿನ ತಿರುಗಿ ಬರ್ತಾರ, ಜ್ವಾಕಿಲೆ ಇಡ್ರಿ ಅಂದಿದ್ದ ನಮ್ಮಜ್ಜ. ವರ್ಷಾ ಎಣ್ಣಿ ಕುಡಿಸೇವಿ."

ಪರಸವ್ವ ಅದನ್ನು ಗುರುತು ಹಿಡಿದಳು. ಅವಳು ಸೊಸೆಯಾಗಿ ಬಂದಾಗ ಮನೆಯ ಗೂಟಕ್ಕೆ ತೂಗುತ್ತಿದ್ದ ಮಿಣಿ. ಮಾವ ಹೊಸೆದದ್ದು. ಗಂಡನ ರಕ್ತ ಕುಡಿದದ್ದು. ಅದು ಕೊಳೆತು ಮಣ್ಣಾಗಿದೆ ಎಂದುಕೊಂಡಿದ್ದಳು. ಅದು ಕೊಳೆತಿರಲಿಲ್ಲ. ಇಷ್ಟು ವರ್ಷ ಜಂತಿಯ ಮೇಲೆ ಎಣ್ಣೆ ಕುಡಿಯುತ್ತ ಕೂತಿತ್ತು. ಅವರ ಮಗ ದೊಡ್ಡವನಾಗಲಿ ಎಂದು ಕಾದಿತ್ತು.

ದೇವಾನಂದ ಬಗ್ಗಿ ಅದನ್ನು ಎತ್ತಿಕೊಂಡ. ಉದ್ದಕ್ಕೆ ಬಿಡಿಸಿದ. ನಡುವೆ ಒಂದು ಕಡೆ ಚರ್ಮ ಸವೆದು ನುಣ್ಣಗಾಗಿತ್ತು. ಒಂದು ಹೆಗಲಿನ ಅಗಲ. ಅವನು ಅದನ್ನೇ ನೋಡಿದ. ಕೈಗವಸು ಕಳಚಿ ಬರಿಗೈಯಿಂದ ಮುಟ್ಟಿದ. ಕೈ ತನ್ನಷ್ಟಕ್ಕೇ ಎಡ ಹೆಗಲಿಗೆ ಹೋಯಿತು.

"ಯವ್ವಾ," ಎಂದ. "ಕ್ವಾರ್‍ಯಾಗ ಕಲ್ಲ ಹೊತ್ತಿದ್ದಲ್ಲ ಇದು."

"ಅಲ್ಲೋ ಯಪ್ಪಾ."

ಆಮೇಲೆ ಅವಳು ಹೇಳಿದಳು. ಒಲೆಯ ಮುಂದೆ ಏಳದ ಮಾತು ಆ ಹಿತ್ತಲಲ್ಲಿ, ಅಷ್ಟು ಮಂದಿಯ ನಡುವೆ ಎದ್ದಿತು. ಈ ಮನೆಯ ದನ ಎಂದಳು. ಈ ಊರ ದನ ಎಂದಳು. ಕರೆಪ್ಪ ಮಿಣಿ ಒಗೆದದ್ದು, ಬಾವಿ ಮುಚ್ಚಿದ್ದು, ಕಲ್ಲಿನ ಬುಡದ ನೀರು ಕುಡಿದದ್ದು. ನಿನ್ನ ಅಕ್ಕ ಜ್ವರಕ್ಕೆ ಹೋಗಲಿಲ್ಲ ಎಂದಳು. ಅಳಲಿಲ್ಲ. ಅವಳ ದನಿ ಕಲ್ಲಿಗೆ ಕಲ್ಲು ಬಡಿದ ಹಾಗೆ ಇತ್ತು.

"ಇದು ನಿನ್ನ ಕಿಂವಿಗೂ ಬೀಳಬಾರದು ಅಂತ ಮುಚ್ಚಿಟ್ಟಿವಿ. ನಾವು ಮುಚ್ಚಿಟ್ಟಿವಿ, ಇವ್ರು ಎಣ್ಣಿ ಹಚ್ಚಿ ಇಟ್ಟಾರ ನೋಡು."

ಹಳೆಯದನ್ನು ಯಾಕೆ ಕೆದಕುತ್ತೀ ಪರಸಿ, ಎಮ್ಮೆ ಬಿಸಿಲಿಗೆ ಬಿದ್ದಿದೆ ಎಂದಳು ಕಾಳವ್ವ. ಅಷ್ಟರಲ್ಲಿ ಈರಯ್ಯನ ಬಿಳಿ ಗಾಡಿ ಬಂತು. ಪುಣೆಯವರು ನಸುಕಿನಿಂದ ಕೂತಿದ್ದರು, ಅವನಿಗೆ ತಳಮಳ. ಏನು ತಡ ಎಂದು ಕೇಳಿ, ಸಂಗತಿ ತಿಳಿದು, ದೇವಾನಂದನ ಹೆಗಲ ಮೇಲೆ ಕೈಯಿಟ್ಟ. ದನಿ ಮೆತ್ತಗಾಯಿತು.

"ಇದು ಮದಲಿನ ಹಂಗಲ್ಲ ತಮ್ಮಾ. ಇದು ನೌಕರಿ. ಪಗಾರದ ಕ್ಯಾಲಸಾ. ಇದರಾಗ ಜಾತಿ ಎಲ್ಲಿ ಬಂತು?"

ದೇವಾನಂದ ಬಾಯಿ ತೆರೆಯುವ ಮೊದಲೇ ಪರಸವ್ವ ಮುಂದೆ ಬಂದಳು.

"ಜಾತಿ ಇಲ್ಲಂದ್ರ ಚಲೋ ಆತಲ್ರಿ ಸಾವಕಾರ್ರ. ನಮ್ಮ ಹುಡುಗನ ಹೆಗಲಕಿಂತ ಮುತ್ತಪ್ಪನ ಹೆಗಲ ಅಗಲ ಅದ. ಅಂವಗ ಹಾಕ್ರಿ."

ಗೋಡೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕು ನಿಲ್ಲಿಸಿದರು. ಮುತ್ತುವಿನ ಕೈಯ ಗಳ ಮೇಲೆದ್ದಿತು. ಅವನ ತಾಯಿ ರಟ್ಟೆ ಹಿಡಿದಳು. ಈರಯ್ಯ ದೇವಾನಂದನ ಹೆಗಲ ಮೇಲಿನ ಕೈ ತೆಗೆದ. ತೆಗೆದ ಕೈಯನ್ನು ಅಂಗಿಗೆ ಒರೆಸಿಕೊಂಡ. ಒರೆಸಿಕೊಂಡದ್ದು ಅವನಿಗೇ ತಿಳಿಯಲಿಲ್ಲ. ದೇವಾನಂದ ಅದನ್ನು ಕಂಡ.

ಕೈಗವಸುಗಳನ್ನು ಅವನು ಎಮ್ಮೆಯ ಹೊಟ್ಟೆಯ ಮೇಲೆ ಇಟ್ಟ. ನೈಲಾನ್ ಹಗ್ಗವನ್ನು ಅದರ ಪಕ್ಕದಲ್ಲಿ ಇಟ್ಟ. ಮಿಣಿಯನ್ನು ಸುತ್ತಿ ತೋಳಿಗೆ ಹಾಕಿಕೊಂಡ.

"ಎಳಿಯೂದಿಲ್ಲ," ಎಂದ. "ಇದು ನಮ್ಮಪ್ಪಂದು. ಒಯ್ತೀನಿ."

ಹಿತ್ತಲ ಬಾಗಿಲಿಗೆ ಹೋಗಲಿಲ್ಲ. ಕೊಟ್ಟಿಗೆ ದಾಟಿ, ಪಡಸಾಲೆಯ ಮಗ್ಗುಲಿನಿಂದ ಮುಂದಿನ ಅಂಗಳಕ್ಕೆ ಬಂದ. ಸಾರಿಸಿದ ಸಗಣಿ ಇನ್ನೂ ಹಸಿ ಇತ್ತು. ತಾಯಿ ಮಗ ಇಬ್ಬರ ಹೆಜ್ಜೆಗಳೂ ಅದರ ಮೇಲೆ ಮೂಡಿದವು. ಕಾಳವ್ವ ಹಿಂದಿನಿಂದ ಚೀರಿಕೊಂಡಳು.

ನಡು ಮಧ್ಯಾಹ್ನಕ್ಕೆ ಎಮ್ಮೆ ಉಬ್ಬಿತು. ದೊಡ್ಡ ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ಡ್ರೈವರ್ ಇದ್ದ. ಡೀಸೆಲ್ ಇತ್ತು. ಇಷ್ಟು ವರ್ಷ ಕಟ್ಟಿ ಎಳೆದು ಹೂಳುತ್ತಿದ್ದವರು ಅಂದು ಕಟ್ಟಲಿಲ್ಲ. ನಾತ ಓಣಿ ದಾಟಿ ಗುಡಿಯ ತನಕ ಬಂತು. ಯಾರೂ ಮೂಗು ಮುಚ್ಚಿಕೊಂಡು ದೂರಲಿಲ್ಲ. ಮಂದಿ ಗುಡಿಯ ಮುಂದೆ ಗುಂಪು ಗುಂಪಾಗಿ ಕೂತರು. ಸಣ್ಣ ದನಿಯಲ್ಲಿ ಮಾತಾಡಿದರು. ಹದ್ದುಗಳು ಕೆರೆಯ ಮೇಲಿಲ್ಲ, ದೊಡ್ಡ ಮನೆಯ ಮಾಳಿಗೆಯ ಮೇಲೆ ಕಪ್ಪಗೆ ಮೆತ್ತಿಕೊಂಡಿದ್ದವು. ಪುಣೆಯವರಿಗೆ ಈರಯ್ಯ ಸ್ಥಳೀಯ ತೊಂದರೆ ಎಂದು ಹೇಳಿದ. ಅವರು ಸಂಜೆಯ ಬೆಳಕಿಗಾದರೂ ಆಗಬಹುದೇ ಎಂದು ಕೇಳಿದರಂತೆ.

ನೀಲಾ ಜೋಳದ ಹಿಟ್ಟು ಬೀಸಿಕೊಂಡು ಬರಲು ಗಿರಣಿಗೆ ಹೋದಳು. ಅವಳ ಪಾಳಿ ಬಂದಾಗ ಗಿರಣಿಯವ ಮೋಟರು ಆರಿಸಿದ. ಕರೆಂಟು ಹೋಯಿತು ಎಂದ. ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವಳು ಜೋಳದ ಬುಟ್ಟಿ ಹೊತ್ತು ಮನೆಗೆ ಬಂದಳು. ನಳ ತಿರುಗಿಸಿದಳು. ಗಾಳಿ ಬಂತು. ಪಕ್ಕದ ಮನೆಯ ನಳದಲ್ಲೂ ಗಾಳಿ.

"ಅತ್ತಿ, ನೀರ ಬಂದ್ ಮಾಡ್ಯಾರ," ಎಂದಳು.

ಕೇರಿಯವರು ಒಬ್ಬೊಬ್ಬರಾಗಿ ಕರೆಪ್ಪನ ಅಂಗಳಕ್ಕೆ ಬಂದರು. ಹರೆಯದವರು ಠಾಣೆಗೆ ಹೋಗೋಣ ಎಂದರು, ತಿಕೋಟೆಯಿಂದ ವಕೀಲರನ್ನು ಕರೆಸೋಣ ಎಂದರು, ಫೋನು ಹಚ್ಚಿದರು. ಹೆಂಗಸರು ಮನೆಯಲ್ಲಿ ಎಷ್ಟು ಹಿಟ್ಟಿದೆ ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದರು. ದೇವಾನಂದ ಅಂಗಳದ ನಡುವೆ ಮಿಣಿಯನ್ನು ಒಗೆದು ಮೇಲೆ ಒಣ ಜೋಳದ ಸೊಪ್ಪೆ ಒಟ್ಟಿದ. ಕಡ್ಡಿ ಕೊರೆದ. ಕಡ್ಡಿ ಆರಿತು. ಇನ್ನೊಂದು ಕೊರೆದ.

"ಸುಡಬ್ಯಾಡ."

ಕರೆಪ್ಪ ಬಾಗಿಲಲ್ಲಿ ನಿಂತಿದ್ದ. ಹೊರಸು ಬಿಟ್ಟು ಅವನು ಕಡೆಯ ಸಲ ಎದ್ದದ್ದು ಯಾವಾಗ ಎಂಬುದು ಯಾರಿಗೂ ನೆನಪಿರಲಿಲ್ಲ. ಅಂಗಿ ಇರಲಿಲ್ಲ. ಹೆಗಲಿನ ತಗ್ಗು ಸಂಜೆಯ ಬಿಸಿಲಿಗೆ ಕಪ್ಪಗೆ ಕಾಣುತ್ತಿತ್ತು. ಅವನು ಅದನ್ನು ಮುಚ್ಚಿಕೊಳ್ಳಲಿಲ್ಲ.

"ನಿನಗ ಇದನ್ನ ಮುಟ್ಟಿ ಏನ್ ಅನಿಸಿತು ಅಂತ ನಾ ಕೇಳಂಗಿಲ್ಲ. ಸಿಟ್ಟ ಬಂದದ. ಬರಲಿ. ಆದ್ರ ಮದಲ ನೀರು. ಹ್ವಾದ ಸಲ ನಾವು ಸಿಟ್ಟಿನ್ಯಾಗ ಅದನ್ನ ಮರತಿದ್ದಿವಿ. ಬಾವಿ ಆಳ ಅದ. ಅಷ್ಟುದ್ದ ಹಗ್ಗ ಕೇರ್‍ಯಾಗ ಮತ್ತ್ಯಾರ ಮನ್ಯಾಗೂ ಇಲ್ಲ."

ಪರಸವ್ವ ಒಳಗೆ ಹೋಗಿ ಕೊಡ ತಂದಳು. ಸೊಪ್ಪೆ ಸರಿಸಿ ಮಿಣಿ ಎತ್ತಿಕೊಂಡಳು. ಅದು ಭಾರವಿತ್ತು. ದೇವಾನಂದ ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಕೇರಿಯೆಲ್ಲ ಎದ್ದಿತು. ಕೊಡ, ಬಿಂದಿಗೆ, ಕ್ಯಾನು, ಫಿನಾಯಿಲಿನ ಹಳೆಯ ಡಬ್ಬಿ ಬಿಟ್ಟು ನೀರು ಹಿಡಿಯುವ ಎಲ್ಲವೂ. ಕರೆಪ್ಪ ಮೊಮ್ಮಗಳ ಹೆಗಲು ಹಿಡಿದು ಹಿಂದೆ ನಡೆದ.

ಹಗ್ಗದ ಬೇಲಿಯ ಹತ್ತಿರ ಡೇರೆಯ ಕಾವಲುಗಾರ ಅಡ್ಡ ನಿಂತು ಇದು ಹಕ್ಕಿಯ ಜಾಗ ಎಂದ. ಹಾದಿ ಬಿಡು ಯಪ್ಪಾ, ಹೊತ್ತು ಮುಳುಗುತ್ತದೆ ಎಂದಳು ಪರಸವ್ವ. ಅವನು ಬಿಟ್ಟ. ಬೇಲಿ ನೆಲಕ್ಕೆ ಬಿತ್ತು. ಹಸಿರು ಪರದೆಯ ಕಿಂಡಿಗಳಲ್ಲಿ ಕ್ಯಾಮೆರಾಗಳು ಸಂಜೆಯ ಬೆಳಕಿಗೆ ಕಾಯುತ್ತಿದ್ದವು. ಅವುಗಳ ಮುಂದೆಯೇ ಮಂದಿ ಹಾದರು. ಒಳಗಿನಿಂದ ಯಾರೋ ಇಂಗ್ಲಿಷಿನಲ್ಲಿ ಸಿಡುಕಿದರು. ನೀರಿನ ಮೇಲಿನ ಹಕ್ಕಿಗಳು ಒಮ್ಮೆ ಎದ್ದು, ಸ್ವಲ್ಪ ಆಚೆ ಹೋಗಿ ಮತ್ತೆ ಕೂತವು.

ಬಾವಿಯ ಮೇಲಿನ ಕುಂಡಗಳನ್ನು ಹೆಂಗಸರು ಒಂದೊಂದಾಗಿ ಎತ್ತಿ ಕೆಳಗಿಟ್ಟರು. ಬಿದಿರಿನ ತಟ್ಟಿ ಎಳೆದರು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ದೇವಾನಂದ ಕೊಡದ ಕುತ್ತಿಗೆಗೆ ಮಿಣಿ ಬಿಗಿದ. ಗಂಟು ಹಾಕುವುದು ಅವನಿಗೆ ಬರಲಿಲ್ಲ. ಕರೆಪ್ಪ ಬಂದು ಅವನ ಕೈ ಹಿಡಿದು ಹಾಕಿಸಿದ. ಕೊಡ ಇಳಿಯಿತು. ಸವೆದು ನುಣ್ಣಗಾದ ಆ ಜಾಗ ಅವನ ಅಂಗೈಯಲ್ಲಿ ಜಾರಿ ಹೋಯಿತು. ಇನ್ನೂ ಇಳಿಯಿತು. ಎಲ್ಲರೂ ಕಿವಿಯಾದರು. ಬಹಳ ಹೊತ್ತಿನ ಮೇಲೆ ಕೆಳಗೆ ಗುಡುಗುಡು ಎಂದು ಕೊಡ ಮುಳುಗುವ ಸದ್ದು.

ಮೊದಲ ಕೊಡ ಮೇಲೆ ಬಂತು. ಪರಸವ್ವ ಬೊಗಸೆಯಲ್ಲಿ ತೆಗೆದು ಮೂಸಿದಳು. ನಾಲಿಗೆಗೆ ಹಚ್ಚಿಕೊಂಡಳು. ಆಮೇಲೆ ಆಮ್ರಪಾಲಿಗೆ ಕುಡಿಸಿದಳು.

ಆಗ ಊರ ಕಡೆಯಿಂದ ಸದ್ದು ಬಂತು. ಏರಿಯ ಮೇಲೆ ಬೈಕುಗಳ ದೀಪ ಹತ್ತಿದವು. ಒಂದರ ಹಿಂದೆ ಒಂದು. ಅವುಗಳ ಹಿಂದೆ ಟ್ರ್ಯಾಕ್ಟರಿನ ದೊಡ್ಡ ದೀಪ, ಟ್ರೇಲರಿನ ತುಂಬ ನಿಂತ ಮಂದಿ. ದೀಪಗಳು ಏರಿಯ ತಿರುವಿಗೆ ಬಂದು, ಕೆರೆಯ ಕಡೆ ಹೊರಳಿದವು. ಕೊಡ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ದೇವಾನಂದ ಅಪ್ಪನ ಕಡೆ ತಿರುಗಿದ.

ಕರೆಪ್ಪ ದೀಪಗಳನ್ನು ನೋಡಿದ. ಬಾವಿಯ ಒಳಗೆ ನೋಡಿದ.

"ಇನ್ನೊಂದ್ ಕೊಡ," ಎಂದ.